ಉಪ್ಪುನೀರಿನ ಲೆಕ್ಕ: ಖರ್ಚು ಯಾರ ಖಾತೆಗೆ?

ಉಷ್ಣ ವಿದ್ಯುತ್ ಸ್ಥಾವರವೊಂದರ ಪರಿಸರ ವರದಿಯನ್ನು ಕೈಗೆತ್ತಿಕೊಂಡವರ ಗಮನ ಸಹಜವಾಗಿ ಮೊದಲು ಹರಿಯುವುದು ಹೊಗೆಯ ಕಡೆಗೆ, ಹಾರುಬೂದಿಯ ಕಡೆಗೆ, ಕಳೆದುಹೋಗಲಿರುವ ಗದ್ದೆ ಮತ್ತು ಕಾಡಿನ ಕಡೆಗೆ. ಹರಿಯಬೇಕಾದುದೂ ಹೌದು. ಆದರೆ ಅದೇ ವರದಿಯ ನೂರಾರು ಪುಟಗಳ ನಡುವೆ ಸ್ಥಾವರದಿಂದ ಹೊರಬೀಳುವ ಉಪ್ಪುನೀರನ್ನು ಏನು ಮಾಡುವುದು ಎಂಬ ಪ್ರಶ್ನೆಗೂ ಒಂದಿಷ್ಟು ಜಾಗವಿರುತ್ತದೆ. ಇಂಥ ವಿಧಾನಕ್ಕೆ ಇಷ್ಟು ಖರ್ಚು, ಇನ್ನೊಂದಕ್ಕೆ ಇನ್ನಷ್ಟು ಖರ್ಚು, ಆದ್ದರಿಂದ ಇವುಗಳಲ್ಲಿ ಮಿತವ್ಯಯದ್ದನ್ನು ಆರಿಸಿಕೊಳ್ಳುವುದು ಉಚಿತ ಎಂಬ ತರ್ಕ ಅಲ್ಲಿ ಕೆಲಸ ಮಾಡುತ್ತದೆ. ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಈ ಭಾಗವನ್ನು ಪ್ರಶ್ನಿಸುವವರು ವಿರಳ. ರೂಪಾಯಿಯ ಅಂಕೆಗಳನ್ನು ಕಂಡೊಡನೆ ಅದು ಎಂಜಿನಿಯರುಗಳ ವಿಷಯವೆಂದು ನಾವು ಪುಟ ತಿರುವಿಬಿಡುತ್ತೇವೆ.

ಈ ಸಂಚಿಕೆಯ ಸಂಪಾದಕೀಯವನ್ನು ಆ ಅಂಕೆಗಳಿಗೇ ಮೀಸಲಿಟ್ಟಿದ್ದೇವೆ. ನಾವು ಹೇಳಬಯಸುವುದು ಸರಳವಾದದ್ದು. ಉಪ್ಪು ಕೊಳೆಯುವುದಿಲ್ಲ, ಸುಟ್ಟುಹೋಗುವುದಿಲ್ಲ, ಯಾವ ಸೂಕ್ಷ್ಮಜೀವಿಯೂ ಅದನ್ನು ತಿಂದು ಮುಗಿಸುವುದಿಲ್ಲ. ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಷ್ಟೆ. ಹಾಗಾಗಿ ಉಪ್ಪುನೀರಿನ ವಿಲೇವಾರಿಗೆ ಅಗ್ಗದ ವಿಧಾನವೊಂದನ್ನು ಯಾರಾದರೂ ಮುಂದಿಟ್ಟಾಗ, ಉಪ್ಪು ಕೊನೆಗೆ ಎಲ್ಲಿ ಕೂರುತ್ತದೆ, ಅಲ್ಲಿ ಅದನ್ನು ಕಾಯುವ ಖರ್ಚು ಯಾರದು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಆ ಅಗ್ಗದ ಮಾತನ್ನು ಒಪ್ಪಲಾಗದು.

ಘಟ್ಟದ ಮೇಲಿರುವ ನಮಗೆ ಈ ಚರ್ಚೆ ದೂರದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕೃಷ್ಣೆಯ ನೀರನ್ನೇ ರಾಯಚೂರಿನ 1,720 ಮೆಗಾವಾಟ್ ಸ್ಥಾವರವೂ ಯರಮರಸಿನ 1,600 ಮೆಗಾವಾಟ್ ಸ್ಥಾವರವೂ ನೆಚ್ಚಿಕೊಂಡಿವೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳು ಕಡಲನ್ನು ಸೇರುವ ಅಂಚಿನಲ್ಲಿ, ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ, 1,200 ಮೆಗಾವಾಟ್ ಸ್ಥಾವರ ನಿಂತಿದೆ. ಅಘನಾಶಿನಿಯ ಮುಖಜದಲ್ಲಿ, ತದಡಿಯಲ್ಲಿ, 4,000 ಮೆಗಾವಾಟ್‌ನ ಬೃಹತ್ ಸ್ಥಾವರದ ಪ್ರಸ್ತಾಪ ಬಂದು ಜನರ ವಿರೋಧದ ನಂತರ ಕೈಬಿಟ್ಟುಹೋಯಿತು. ನೀರು ನಮ್ಮ ಬೆಟ್ಟಗಳದ್ದು, ಅದು ಉಪ್ಪಾಗುವುದು ಕೆಳಗಿನ ಊರುಗಳಲ್ಲಿ, ವಿದ್ಯುತ್ತನ್ನು ಬಳಸುವವರು ನಾವೆಲ್ಲರೂ.

ಉಪ್ಪು ಬರುವುದು ಎಲ್ಲಿಂದ?

ಕಲ್ಲಿದ್ದಲಿನ ಶಾಖದಿಂದ ಎದ್ದ ಉಗಿ ಟರ್ಬೈನನ್ನು ತಿರುಗಿಸಿದ ಮೇಲೆ ಅದನ್ನು ಮತ್ತೆ ತಣಿಸಿ ನೀರಾಗಿಸಬೇಕು. ತಣಿಸಲು ಬೇರೆಯದೇ ಆದ ಅಪಾರ ಪ್ರಮಾಣದ ನೀರು ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಹೀಗೆ ಬಿಸಿಯಾದ ನೀರನ್ನು ದೊಡ್ಡ ತಂಪುಗೋಪುರಗಳಲ್ಲಿ ಮೇಲಿನಿಂದ ಸುರಿಸಿ ಗಾಳಿಗೆ ಒಡ್ಡುತ್ತಾರೆ. ಅಲ್ಲಿ ನೀರಿನ ಒಂದು ಪಾಲು ಆವಿಯಾಗಿ ಹೋಗುತ್ತದೆ, ಆದರೆ ಅದರಲ್ಲಿದ್ದ ಲವಣ ಹಿಂದೆಯೇ ಉಳಿಯುತ್ತದೆ. ಸಾರನ್ನು ಒಲೆಯ ಮೇಲೆ ಮರೆತುಬಿಟ್ಟರೆ ಉಪ್ಪಾಗುವುದು ಹೇಗೋ ಇದೂ ಹಾಗೆಯೇ. ಲವಣ ಮಿತಿ ಮೀರಿದರೆ ಕೊಳವೆಯೊಳಗೆ ಕಿಟ್ಟ ಕಟ್ಟುತ್ತದೆ. ಅದಕ್ಕಾಗಿ ಸ್ವಲ್ಪ ನೀರನ್ನು ನಿರಂತರವಾಗಿ ಹೊರಬಿಟ್ಟು ಹೊಸ ನೀರನ್ನು ತುಂಬಿಸುತ್ತಿರಬೇಕಾಗುತ್ತದೆ. ಹೀಗೆ ಹೊರಬಿಡುವ ನೀರೇ ನಮ್ಮ ಚರ್ಚೆಯ ಉಪ್ಪುನೀರು. ಬಾಯ್ಲರಿಗೆ ಬೇಕಾದ ಶುದ್ಧ ನೀರನ್ನು ತಯಾರಿಸುವಾಗ ಉಳಿಯುವ ಗಡಸು ನೀರು, ಹೊಗೆಯ ಗಂಧಕವನ್ನು ತೊಳೆದ ನೀರು ಇದರೊಡನೆ ಸೇರಿಕೊಳ್ಳುತ್ತವೆ.

ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿನೋಡಬಹುದಾದ ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಇದು ಯಾವುದೇ ನಿರ್ದಿಷ್ಟ ಸ್ಥಾವರದ ದಾಖಲೆಯಲ್ಲ, ವಿಷಯದ ಗಾತ್ರವನ್ನು ಅರಿಯಲು ಹಾಕಿಕೊಂಡ ಮಾದರಿ. 1,000 ಮೆಗಾವಾಟ್‌ನ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವಾಗ ಗಂಟೆಗೆ 2,400 ಘನಮೀಟರ್ ನೀರು ಆವಿಯಾಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಘನಮೀಟರ್ ಎಂದರೆ ಸಾವಿರ ಲೀಟರು. ನದಿಯ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಲವಣವಿದೆ ಎನ್ನೋಣ. ಲವಣ ಐದು ಪಟ್ಟು ಸಾಂದ್ರವಾಗುವವರೆಗೆ ನೀರನ್ನು ಸುತ್ತಿಸಿದರೆ ಗಂಟೆಗೆ 3,000 ಘನಮೀಟರ್ ನೀರು ಬೇಕು, ಹೊರಬೀಳುವುದು 600 ಘನಮೀಟರ್. ಹತ್ತು ಪಟ್ಟಿನವರೆಗೆ ಸುತ್ತಿಸಿದರೆ 2,667 ಘನಮೀಟರ್ ಸಾಕು, ಹೊರಬೀಳುವುದು ಕೇವಲ 267 ಘನಮೀಟರ್.

ಹೊರಬೀಳುವ ನೀರು ಅರ್ಧಕ್ಕಿಂತ ಕಡಿಮೆಯಾಯಿತು ಎಂದು ವರದಿ ಸಂತೋಷಪಡುತ್ತದೆ. ಆದರೆ ಅದರೊಳಗಿನ ಉಪ್ಪನ್ನು ತೂಗಿ ನೋಡಿ. ಮೊದಲ ಕ್ರಮದಲ್ಲಿ ಗಂಟೆಗೆ 900 ಕಿಲೋ, ಎರಡನೆಯದರಲ್ಲಿ 800 ಕಿಲೋ. ನೀರು ಅರ್ಧಕ್ಕಿಂತ ಹೆಚ್ಚು ತಗ್ಗಿದರೂ ಉಪ್ಪು ತಗ್ಗಿದ್ದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ದಿನಕ್ಕೆ 19 ಟನ್ನಿನಷ್ಟು, ವರ್ಷಕ್ಕೆ ಸುಮಾರು 7,000 ಟನ್ನಿನಷ್ಟು ಉಪ್ಪು ಎಲ್ಲಿಗಾದರೂ ಹೋಗಲೇಬೇಕು. ಇಂಥ ವರದಿಯನ್ನು ಓದುವಾಗ ಉಪ್ಪುನೀರಿನ ಪ್ರಮಾಣವನ್ನು ಮಾತ್ರ ನೋಡಿದರೆ ಸಾಲದು, ಉಪ್ಪಿನ ತೂಕವನ್ನು ಕೇಳಬೇಕು.

ವಿಧಾನಗಳು ಮತ್ತು ಅವುಗಳ ಬೆಲೆ

ಮೊದಲನೆಯದು, ನೀರನ್ನು ಹಾಗೆಯೇ ಹೊಳೆಗೋ ಕಡಲಿಗೋ ಬಿಡುವುದು. ಇದಕ್ಕೆ ಬೇಕಾದದ್ದು ಕೊಳವೆ ಮತ್ತು ಪಂಪು. ಯಾವ ಕೋಷ್ಟಕದಲ್ಲಿಯೂ ಅತ್ಯಂತ ಅಗ್ಗವಾಗಿ ಕಾಣುವುದು ಇದೇ. ಮಳೆಗಾಲದ ತುಂಬುಹೊಳೆಯಲ್ಲಿ ಈ ಉಪ್ಪು ಕಾಣದಂತೆ ಕರಗಿಹೋಗಬಹುದು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅದೇ ಉಪ್ಪು ಕೆಳಗಿನ ಊರಿನ ಪಂಪ್‌ಸೆಟ್ಟಿಗೆ ಬರುತ್ತದೆ. ವಾರ್ಷಿಕ ಸರಾಸರಿ ಹರಿವನ್ನು ಹಿಡಿದು ಲೆಕ್ಕ ಹಾಕಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಎರಡನೆಯದು, ಬೂದಿಯೊಡನೆ ಬೆರೆಸುವುದು. ಬೂದಿಯನ್ನು ಹೊಂಡಕ್ಕೆ ಸಾಗಿಸಲು ಹೇಗೂ ನೀರು ಬೇಕು. ಕಲ್ಲಿದ್ದಲ ರಾಶಿಯ ದೂಳನ್ನು ಅಡಗಿಸಲೂ ನೀರು ಬೇಕು. ಅದಕ್ಕೆ ಈ ಉಪ್ಪುನೀರನ್ನೇ ಬಳಸಿದರೆ ವಿಲೇವಾರಿಯ ಖರ್ಚು ಶೂನ್ಯವೆಂದೂ, ನೀರಿನ ಮರುಬಳಕೆಯಾಯಿತೆಂದೂ ಬರೆದುಕೊಳ್ಳಬಹುದು. ಉಪ್ಪು ಮಾತ್ರ ಬೂದಿಹೊಂಡದಲ್ಲಿಯೇ ಇರುತ್ತದೆ. ಹೊಂಡದ ತಳಕ್ಕೆ ಹಾಸಿದ ಹಾಳೆ ಗಟ್ಟಿಯಾಗಿರುವವರೆಗೆ ಅದು ಅಲ್ಲಿರುತ್ತದೆ. ಹಾಳೆ ಹರಿದರೆ, ಅಥವಾ ಹಾಸಿಯೇ ಇಲ್ಲದಿದ್ದರೆ, ಬೂದಿಯೊಳಗಿನ ಲೋಹಗಳ ಅಂಶವನ್ನೂ ಕರೆದುಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ.

ಮೂರನೆಯದು, ಆವಿಯಾಗಿಸುವ ಕೊಳ. ವಿಶಾಲವಾದ ಕೊಳ ತೋಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬಿಸಿಲಿಗೆ ಕೆಲಸವನ್ನು ಒಪ್ಪಿಸುವುದು. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಇದಕ್ಕೆ ಅರ್ಥವಿದೆ. ಆದರೆ ಜಾಗದ ಲೆಕ್ಕವನ್ನು ಮರೆಯಬಾರದು. ಗಂಟೆಗೆ 50 ಘನಮೀಟರ್ ಉಪ್ಪುನೀರು ಬಂದರೆ ವರ್ಷಕ್ಕೆ 4 ಲಕ್ಷ 38 ಸಾವಿರ ಘನಮೀಟರ್. ಮಳೆಯನ್ನು ಕಳೆದು ವರ್ಷಕ್ಕೆ ಒಂದು ಮೀಟರ್ ನೀರು ಆರುತ್ತದೆಂದು ಹಿಡಿದರೂ ಸುಮಾರು 108 ಎಕರೆ ಕೊಳ ಬೇಕು. ಅಷ್ಟು ಜಮೀನು ಯಾರದೆಂಬುದು ಖರ್ಚಿನ ಮೊದಲ ಸಾಲಾಗಬೇಕು. ಇನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ಈ ವಿಧಾನದ ಮಾತೇ ಏಳಬಾರದು. ವರ್ಷಕ್ಕೆ ಮೂರು ನಾಲ್ಕು ಮೀಟರ್ ಮಳೆ ಸುರಿಯುವ ನೆಲದಲ್ಲಿ ಕೊಳ ಆರುವುದಕ್ಕಿಂತ ಹೆಚ್ಚು ತುಂಬುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವವರಿಗೆ ಇದು ತಲೆಮಾರುಗಳಿಂದ ಗೊತ್ತು. ಅವರ ಆಗರಗಳಲ್ಲಿ ಉಪ್ಪು ಹುಟ್ಟುವುದು ಒಣ ತಿಂಗಳುಗಳಲ್ಲಿ ಮಾತ್ರ. ಸ್ಥಾವರಕ್ಕಾದರೋ ಮಳೆಗಾಲದ ರಜೆಯಿಲ್ಲ.

ನಾಲ್ಕನೆಯದು, ಯಂತ್ರಗಳ ಮೂಲಕ ನೀರನ್ನು ಪೂರ್ತಿಯಾಗಿ ಹಿಂದೆ ಪಡೆದು ಒಣ ಉಪ್ಪನ್ನು ಮಾತ್ರ ಉಳಿಸಿಕೊಳ್ಳುವುದು. ಶೂನ್ಯ ವಿಸರ್ಜನೆ ಎಂದು ಕರೆಯುವುದು ಇದನ್ನೇ. ಮೊದಲು ಮನೆಯ ಶುದ್ಧೀಕರಣ ಯಂತ್ರಗಳಲ್ಲಿರುವಂತಹ ಆರ್.ಓ. ಪೊರೆಗಳ ಮೂಲಕ ನೀರನ್ನು ಹಾಯಿಸಿ ಬಹುಪಾಲನ್ನು ಮರಳಿ ಪಡೆಯುತ್ತಾರೆ. ಉಳಿದ ಗಾಢ ಉಪ್ಪುನೀರನ್ನು ಯಂತ್ರದಲ್ಲಿ ಕುದಿಸಿ ಸಾಂದ್ರಗೊಳಿಸುತ್ತಾರೆ. ಕೊನೆಗೆ ಹರಳುಗಟ್ಟಿಸುತ್ತಾರೆ. ಸಾಂದ್ರಗೊಳಿಸಲು ಘನಮೀಟರಿಗೆ 20 ಯೂನಿಟ್‌ನಷ್ಟು, ಹರಳುಗಟ್ಟಿಸಲು 60 ಯೂನಿಟ್‌ನಷ್ಟು ವಿದ್ಯುತ್ ಬೇಕಾಗುತ್ತದೆ. ಕೋಷ್ಟಕದಲ್ಲಿ ಅತ್ಯಂತ ದುಬಾರಿಯಾಗಿ ಕಾಣುವ ವಿಧಾನ ಇದು.

ಬಾವಿಯ ಮೂಲಕ ಭೂಮಿಯ ಆಳಕ್ಕೆ ಉಪ್ಪುನೀರನ್ನು ಇಳಿಸುವ ಐದನೆಯ ವಿಧಾನವೊಂದು ಅಮೆರಿಕದ ಕೆಲವೆಡೆ ಬಳಕೆಯಲ್ಲಿದೆ. ಅದಕ್ಕೆ ಆಳದಲ್ಲಿ ರಂಧ್ರಮಯ ಶಿಲಾಪದರವೂ ಅದರ ಮೇಲೆ ನೀರು ಬಿಡದ ಮುಚ್ಚಳದಂತಹ ಪದರವೂ ಬೇಕು. ನಮ್ಮ ಗಟ್ಟಿಶಿಲೆಯ ನೆಲದಲ್ಲಿ ನೀರು ನಿಲ್ಲುವುದೂ ಚಲಿಸುವುದೂ ಬಿರುಕುಗಳಲ್ಲಿ, ನಮ್ಮ ಕೊಳವೆಬಾವಿಗಳು ಕುಡಿಯುವುದೂ ಅದೇ ಬಿರುಕುಗಳಿಂದ. ಎಷ್ಟೇ ಅಗ್ಗವಾಗಿ ಕಂಡರೂ ಈ ವಿಧಾನ ಇಲ್ಲಿ ಪರಿಗಣನೆಗೆ ಅರ್ಹವಲ್ಲ.

ಯಾವುದರಿಂದ ಭಾಗಿಸಿದರು?

ದುಬಾರಿ ಎಂಬ ಆ ಮಾತನ್ನು ನಮ್ಮ ಮಾದರಿ ಸ್ಥಾವರದ ಮೇಲೆ ಇಟ್ಟು ಪರೀಕ್ಷಿಸೋಣ. ಗಂಟೆಗೆ ಹೊರಬರುವ 267 ಘನಮೀಟರ್ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಆರ್.ಓ. ಮೂಲಕ ಮರಳಿ ಪಡೆದರೆ ಸುಮಾರು 53 ಘನಮೀಟರ್ ಗಾಢ ಉಪ್ಪುನೀರು ಉಳಿಯುತ್ತದೆ. ಘನಮೀಟರಿಗೆ ಒಂದೂವರೆ ಯೂನಿಟ್‌ನಂತೆ ಆರ್.ಓ.ಗೆ 400 ಯೂನಿಟ್, ಸಾಂದ್ರಗೊಳಿಸಲು 1,060 ಯೂನಿಟ್, ಉಳಿದ ಐದಾರು ಘನಮೀಟರನ್ನು ಹರಳುಗಟ್ಟಿಸಲು 320 ಯೂನಿಟ್. ಒಟ್ಟು ಗಂಟೆಗೆ ಸುಮಾರು 1,800 ಯೂನಿಟ್. ಯೂನಿಟಿಗೆ ನಾಲ್ಕು ರೂಪಾಯಿಯಂತೆ ಹಿಡಿದರೆ 7,200 ರೂಪಾಯಿ.

ಗಾಢ ಉಪ್ಪುನೀರಿನ ಲೆಕ್ಕದಲ್ಲಿ ಹೇಳಿದರೆ, ಕುದಿಸಿ ಹರಳುಗಟ್ಟಿಸುವುದಕ್ಕೇ ಘನಮೀಟರಿಗೆ ನೂರು ರೂಪಾಯಿಗೂ ಮೇಲೆ. ಕೊಳವೆಯಲ್ಲಿ ತಳ್ಳಿಬಿಡುವುದರ ಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಇದು ಅತಿಯಾಯಿತೆನ್ನಿಸುತ್ತದೆ. ಆದರೆ ಅದೇ ಗಂಟೆಯಲ್ಲಿ ಸ್ಥಾವರ ಹತ್ತು ಲಕ್ಷ ಯೂನಿಟ್ ವಿದ್ಯುತ್ತನ್ನು ಉತ್ಪಾದಿಸಿರುತ್ತದೆ. 7,200 ರೂಪಾಯಿಯನ್ನು ಆ ಹತ್ತು ಲಕ್ಷ ಯೂನಿಟ್‌ಗಳ ಮೇಲೆ ಹಂಚಿದರೆ ಯೂನಿಟಿಗೆ ಬೀಳುವುದು ಮುಕ್ಕಾಲು ಪೈಸೆಗಿಂತ ಕಡಿಮೆ. ಯಂತ್ರಗಳ ಬಂಡವಾಳ, ರಾಸಾಯನಿಕ, ದುರಸ್ತಿ, ಒಣ ಉಪ್ಪಿನ ಸಾಗಣೆ ಎಲ್ಲವನ್ನೂ ಸೇರಿಸಿ ಈ ಮೊತ್ತವನ್ನು ನಾಲ್ಕು ಪಟ್ಟು ಮಾಡಿದರೂ ಮೂರು ಪೈಸೆ ದಾಟದು. ಖರ್ಚು ಒಂದೇ. ನೀರಿನಿಂದ ಭಾಗಿಸಿದರೆ ಅದು ಭಯ ಹುಟ್ಟಿಸುತ್ತದೆ, ವಿದ್ಯುತ್ತಿನಿಂದ ಭಾಗಿಸಿದರೆ ಮನೆಯ ಬಿಲ್ಲಿನಲ್ಲಿ ಗುರುತಿಗೂ ಸಿಗುವುದಿಲ್ಲ. ಎಂತಲೇ ಯಾವುದೇ ಹೋಲಿಕೆಯ ಪಟ್ಟಿಯನ್ನು ಕಂಡಾಗ ಮೊತ್ತವನ್ನು ಯಾವುದರಿಂದ ಭಾಗಿಸಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಇದರರ್ಥ ಎಲ್ಲ ಕಡೆಗೂ ಒಂದೇ ಮದ್ದು ಎಂದಲ್ಲ. ಸಮುದ್ರದ ನೀರಿನಿಂದ ತಣಿಸಿಕೊಳ್ಳುವ ಸ್ಥಾವರದ ಲೆಕ್ಕ ಬೇರೆಯೇ ಆಗುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಮೊದಲೇ ಇರುವುದರಿಂದ ಅದನ್ನು ಬಹಳ ಸಾಂದ್ರಗೊಳಿಸುವಂತಿಲ್ಲ. ಒಂದೂಕಾಲು, ಒಂದೂವರೆ ಪಟ್ಟಿನ ಆಸುಪಾಸಿನಲ್ಲಿಯೇ ಹೊರಬಿಡಬೇಕಾಗುತ್ತದೆ. 1.4 ಪಟ್ಟು ಎಂದು ಹಿಡಿದರೆ ನಮ್ಮ ಮಾದರಿಯಲ್ಲಿ ಗಂಟೆಗೆ 8,400 ಘನಮೀಟರ್ ಕಡಲ ನೀರು ಒಳಬಂದು 6,000 ಘನಮೀಟರ್ ಹೊರಹೋಗುತ್ತದೆ. ಅದನ್ನೆಲ್ಲ ಯಂತ್ರದಲ್ಲಿ ಕುದಿಸಹೊರಟರೆ 120 ಮೆಗಾವಾಟ್ ಅದಕ್ಕೇ ಬೇಕು. ಗಂಟೆಗೆ ಸುಮಾರು 300 ಟನ್ ಉಪ್ಪಿನ ಗುಡ್ಡ ಬೇರೆ. ಕಡಲ ನೀರು ಕಡಲಿಗೇ ಮರಳುವುದು ಅಲ್ಲಿ ವಿವೇಕದ ದಾರಿ. ಆದರೆ ಅದು ಊರಿನ ಗದ್ದೆ ಬಾವಿಗಳ ನಡುವೆ ಹಾದುಹೋಗುವ ದಾರಿಯಲ್ಲಿ ಒಂದು ಹನಿಯೂ ಸೋರಕೂಡದು, ಕಡಲಂಚಿನ ಮೀನು ಮರಿಯಿಡುವ ಜಾಗದಲ್ಲಿ ಬಿಸಿಯಾಗಿ ಗಾಢವಾಗಿ ಬೀಳಕೂಡದು. ಖರ್ಚು ಮಾಡಬೇಕಾದದ್ದು ಕೊಳವೆಯ ಗುಣಮಟ್ಟಕ್ಕೆ, ಕೊಳಗಳ ತಳದ ಹಾಸಿಗೆ, ಸೋರಿಕೆಯನ್ನು ಕಾಯುವ ವ್ಯವಸ್ಥೆಗೆ, ಕಡಲೊಳಗೆ ದೂರದಲ್ಲಿ ನೀರನ್ನು ಚದುರಿಸಿ ಬಿಡುವುದಕ್ಕೆ.

ತಂಪುಗೋಪುರದಿಂದ ಗಾಳಿಯಲ್ಲಿ ತೂರಿಹೋಗುವ ತುಂತುರನ್ನೂ ಇಲ್ಲಿ ನೆನೆಯಬೇಕು. ಗಂಟೆಗೆ 1 ಲಕ್ಷ 20 ಸಾವಿರ ಘನಮೀಟರ್ ಕಡಲ ನೀರು ಸುತ್ತುವ ಗೋಪುರದಲ್ಲಿ ಲಕ್ಷಕ್ಕೆ ಒಂದು ಪಾಲು ಹನಿ ಹಾರಿಹೋದರೂ ದಿನಕ್ಕೆ ಸುಮಾರು 1.4 ಟನ್ ಉಪ್ಪು ಸುತ್ತಲಿನ ಎಲೆಗಳ ಮೇಲೆ ಇಳಿಯುತ್ತದೆ. ಹನಿಯನ್ನು ತಡೆಯುವ ಪಟ್ಟಿಗಳು ಕಳಪೆಯಾಗಿ ಲಕ್ಷಕ್ಕೆ ಐದು ಪಾಲು ಹಾರಿದರೆ ಅದೇ 7 ಟನ್ ಆಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಖರೀದಿಯ ದರಪಟ್ಟಿಯಲ್ಲಿ ಚಿಕ್ಕದು, ಮಲ್ಲಿಗೆಯ ಗಿಡದ ಮೇಲೆ ದೊಡ್ಡದು.

ಕೋಷ್ಟಕದಲ್ಲಿ ಕಾಣದ ಸಾಲುಗಳು

ಇನ್ನು ಮಣ್ಣಿನ ಲೆಕ್ಕಕ್ಕೆ ಬರೋಣ. ನೂರು ಕೊಡ ಸಿಹಿನೀರಿಗೆ ಕೇವಲ ಒಂದೂವರೆ ಕೊಡ ಕಡಲ ನೀರು ಸೇರಿದರೆ ಅದು ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಅಪೇಕ್ಷಿಸುವ ಕ್ಲೋರೈಡ್ ಮಿತಿಯನ್ನು, ಅಂದರೆ ಲೀಟರಿಗೆ 250 ಮಿಲಿಗ್ರಾಂ ಅನ್ನು, ದಾಟುತ್ತದೆ. ಐದು ಕೊಡ ಸೇರಿದರೆ ನೀರಾವರಿಗೆ ಹೊಂದುವ ಗರಿಷ್ಠ ಮಿತಿಯಾದ 2.25 ಡೆಸಿಸೀಮನ್ಸ್ ವಿದ್ಯುತ್ ವಾಹಕತೆಯನ್ನೂ ದಾಟುತ್ತದೆ. ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಸಲೀಸಾಗಿ ಹಾಯಿಸುವುದರಿಂದ ಈ ಅಳತೆ. ಭತ್ತದ ಇಳುವರಿ ಮಣ್ಣಿನ ದ್ರವದ ವಾಹಕತೆ 3 ಡೆಸಿಸೀಮನ್ಸ್ ಮುಟ್ಟುವವರೆಗೆ ತಡೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದು ಡೆಸಿಸೀಮನ್ಸ್‌ಗೆ ಶೇಕಡಾ 12ರಂತೆ ಕುಸಿಯುತ್ತದೆ. ಅಂದರೆ 6 ಮುಟ್ಟಿದ ಗದ್ದೆಯಲ್ಲಿ ಎಕರೆಗೆ 20 ಕ್ವಿಂಟಾಲ್ ಬರುತ್ತಿದ್ದದ್ದು 13ಕ್ಕಿಂತ ಕೆಳಗಿಳಿಯುತ್ತದೆ. ಹುರುಳಿಕಾಯಿಯಂತಹ ಬೆಳೆ 1 ದಾಟಿದೊಡನೆಯೇ ಸೋಲುತ್ತದೆ.

ಕರಾವಳಿಯಲ್ಲಿ ಮಳೆಯೇ ಉಪ್ಪನ್ನು ತೊಳೆದುಹಾಕುತ್ತದೆಯಲ್ಲ ಎಂಬ ವಾದವೊಂದಿದೆ. ಅದರಲ್ಲಿ ಅರ್ಧ ಸತ್ಯವಿದೆ. ಜಂಬಿಟ್ಟಿಗೆಯ ನೆಲ ನೀರನ್ನು ಬೇಗ ಇಳಿಸುತ್ತದೆ, ಏಣೇಲಿನ ಬೆಳೆ ಮಳೆಯ ನೀರಿನಲ್ಲಿಯೇ ಬರುವುದರಿಂದ ಬದುಕಿಕೊಳ್ಳಬಹುದು. ಆದರೆ ಬೇರಿನ ವಲಯದಿಂದ ತೊಳೆದುಹೋದ ಉಪ್ಪು ಇಳಿಯುವುದು ಬಾವಿಗೆ. ಸುಗ್ಗಿ, ಕೊಳಕೆ ಬೆಳೆಗಳಿಗೆ ರೈತ ನೀರೆತ್ತುವುದು ಅದೇ ಬಾವಿಯಿಂದ. ಬಯಲುಸೀಮೆಯ ಎರೆಮಣ್ಣಿನಲ್ಲಿ ಕಷ್ಟ ಇನ್ನೂ ಗಾಢವಾದದ್ದು. ಸೋಡಿಯಂ ಸೇರಿದ ಜೇಡಿಯ ಕಣಗಳು ಬಿಡಿಬಿಡಿಯಾಗಿ, ನೀರಿಳಿಯದೆ, ನೆಲ ಸವಳಾಗುತ್ತದೆ. ಅದನ್ನು ಸರಿಪಡಿಸಲು ಜಿಪ್ಸಂ ಬೇಕು, ಬಸಿಗಾಲುವೆ ಬೇಕು, ತೊಳೆಯಲು ಒಳ್ಳೆಯ ನೀರು ಬೇಕು, ವರ್ಷಗಳ ತಾಳ್ಮೆ ಬೇಕು. ಈ ಯಾವ ಖರ್ಚೂ ಸ್ಥಾವರದ ಪುಸ್ತಕದಲ್ಲಿ ಬರುವುದಿಲ್ಲ.

ಉಪ್ಪಿನೊಡನೆ ಬಾಳುವುದು ನಮ್ಮ ಕರಾವಳಿಯ ರೈತರಿಗೆ ಹೊಸತಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದವರು ಅವರು. ಅಲ್ಲಿ ಉಪ್ಪುನೀರಿನ ಪ್ರವೇಶಕ್ಕೆ ಕಾಲವಿದೆ, ಕಟ್ಟೆಯಿದೆ, ಬಾಗಿಲಿದೆ, ಅದನ್ನು ತೆರೆದು ಮುಚ್ಚುವ ಅಧಿಕಾರ ಊರಿನವರದು. ಕೊಳವೆ ಸೋರಿ ಬರುವ ಉಪ್ಪಿಗೆ ಇವು ಯಾವುವೂ ಇರುವುದಿಲ್ಲ.

ಎಲ್ಲೂರು ಮತ್ತು ನಂದಿಕೂರಿನ ಸುತ್ತಲಿನ ಜನರ ಅನುಭವ ಇದನ್ನೇ ಹೇಳುತ್ತದೆ. ಬಾವಿಯ ನೀರು ಉಪ್ಪಾಗುತ್ತಿದೆ, ಬೆಳೆ ಕೆಡುತ್ತಿದೆ ಎಂದು ಅವರು ವರ್ಷಗಳ ಕಾಲ ದೂರುತ್ತ ಬಂದರು. ನಂದಿಕೂರಿನ ಜನಜಾಗೃತಿ ಸಮಿತಿ ಕಾನೂನು ಹೋರಾಟವನ್ನು ಬಿಡದೆ ನಡೆಸಿತು. ಸ್ಥಾವರದ ಎರಡನೆಯ ಘಟಕ ಆರಂಭವಾದದ್ದು 2012ರಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಐದು ಕೋಟಿ ರೂಪಾಯಿಗಳ ಮಧ್ಯಂತರ ಠೇವಣಿಗೆ ಆದೇಶಿಸಿದ್ದು 2019ರಲ್ಲಿ, ಸುಮಾರು 52 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿದ್ದು 2022ರಲ್ಲಿ. ಆ ಮೊತ್ತ ಉಪ್ಪಿಗೆ ಮಾತ್ರ ಸಂಬಂಧಿಸಿದ್ದಲ್ಲ, ಒಟ್ಟು ಪರಿಸರ ಹಾನಿಯನ್ನು ಕುರಿತದ್ದು. ಆದರೂ ಅದರಿಂದ ಕಲಿಯಬೇಕಾದದ್ದಿದೆ. ಆರಂಭದಲ್ಲಿ ಉಳಿಸಿದ ಖರ್ಚು ಮಾಯವಾಗುವುದಿಲ್ಲ. ಹತ್ತು ವರ್ಷ ತಡವಾಗಿ, ಬೇರೆ ಹೆಸರಿನಲ್ಲಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಮರಳಿ ಬರುತ್ತದೆ. ಆ ಹತ್ತು ವರ್ಷಗಳ ಕಾಲ ಬಡ್ಡಿಯಿಲ್ಲದೆ ಆ ಸಾಲವನ್ನು ಹೊತ್ತವರು ಬಾವಿಯ ಒಡೆಯರು.

ಲೆಕ್ಕದ ಇನ್ನೊಂದು ಚಮತ್ಕಾರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮುಂದೆ ಬರುವ ಖರ್ಚನ್ನು ಇಂದಿನ ಬೆಲೆಗೆ ಇಳಿಸಿ ತೋರಿಸುವುದು ಯೋಜನಾ ವರದಿಗಳ ಪದ್ಧತಿ. ಶೇಕಡಾ 10ರ ದರದಲ್ಲಿ ಇಳಿಸಿದರೆ 25 ವರ್ಷಗಳ ನಂತರದ ಒಂದು ರೂಪಾಯಿ ಇಂದು ಒಂಬತ್ತು ಪೈಸೆಯಷ್ಟೆ. ಸ್ಥಾವರ ಮುಚ್ಚಿದ ಮೇಲೆ ಉಪ್ಪಿನ ಗುಂಡಿಯನ್ನೂ ಬೂದಿಹೊಂಡವನ್ನೂ ಕಾಯುವ ಖರ್ಚು ಹೀಗೆ ಕಾಗದದ ಮೇಲೆ ಕರಗಿಹೋಗುತ್ತದೆ. ಆಗ ಅಲ್ಲಿ ವಾಸಿಸುವ ಮಗುವಿಗೆ ಬಾಯಾರಿಕೆಯಲ್ಲಿ ಶೇಕಡಾ 91ರ ರಿಯಾಯಿತಿ ಸಿಗುವುದಿಲ್ಲ.

ಕಾನೂನು ಮತ್ತು ಅದರ ಕಿಂಡಿ

2015ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಹಳೆಯ ಸ್ಥಾವರಗಳ ನೀರಿನ ಬಳಕೆಯನ್ನು ಪ್ರತಿ ಸಾವಿರ ಯೂನಿಟಿಗೆ 3.5 ಘನಮೀಟರಿಗೆ ಮಿತಿಗೊಳಿಸಿತು. 2017ರ ಜನವರಿಯ ನಂತರದ ಹೊಸ ಸ್ಥಾವರಗಳಿಗೆ 2.5 ಘನಮೀಟರ್ ಮಿತಿಯನ್ನೂ ಶೂನ್ಯ ವಿಸರ್ಜನೆಯನ್ನೂ ವಿಧಿಸಿತು. 2018ರ ಜೂನಿನ ತಿದ್ದುಪಡಿಯಲ್ಲಿ ಹೊಸ ಸ್ಥಾವರಗಳ ಮಿತಿ 3 ಘನಮೀಟರಿಗೆ ಏರಿತು, ಕಡಲ ನೀರನ್ನು ಬಳಸುವ ಸ್ಥಾವರಗಳು ಈ ನಿಯಮಗಳಿಂದ ಹೊರಗುಳಿದವು. ಕಡಲ ನೀರನ್ನು ಶೂನ್ಯ ವಿಸರ್ಜನೆಗೆ ಒಳಪಡಿಸುವುದು ಅಸಾಧ್ಯವೆಂಬುದನ್ನು ಮೇಲಿನ ಲೆಕ್ಕವೇ ತೋರಿಸಿದೆ, ನಿಜ. ಆದರೆ ವಿನಾಯಿತಿ ಕೊಡುವಾಗ ಅದರ ಜಾಗದಲ್ಲಿ ಸೋರಿಕೆ, ತುಂತುರು ಮತ್ತು ಬಾವಿಗಳ ನಿಗಾಕ್ಕೆ ಅಷ್ಟೇ ಬಿಗಿಯಾದ ನಿಯಮ ಬರಬೇಕಿತ್ತು ಎಂಬುದು ನಮ್ಮ ನಿಲುವು.

ಶೂನ್ಯ ವಿಸರ್ಜನೆಯೂ ಮಾತಿನಷ್ಟು ಶೂನ್ಯವಲ್ಲ. ನೀರು ಹೊರಗೆ ಬಾರದಿದ್ದರೂ ದಿನಕ್ಕೆ 19 ಟನ್ ಉಪ್ಪು ಹೊರಗೆ ಬರುತ್ತದೆ. ಅದನ್ನು ಮಳೆ ತಾಗದಂತೆ, ನೆಲಕ್ಕಿಳಿಯದಂತೆ ದಶಕಗಳ ಕಾಲ ಇಡಬೇಕು. ಈ ಎಲ್ಲ ವಿಧಾನಗಳಿಗಿಂತ ಉತ್ತಮವಾದದ್ದು ಉಪ್ಪೇ ಹುಟ್ಟದಂತೆ ನೋಡಿಕೊಳ್ಳುವುದು. ಉಗಿಯನ್ನು ನೀರಿನ ಬದಲು ಗಾಳಿಯಿಂದ ತಣಿಸುವ ವ್ಯವಸ್ಥೆಯನ್ನು ಜಾರ್ಖಂಡದ ಉತ್ತರ ಕರಣಪುರದ 1,980 ಮೆಗಾವಾಟ್ ಸ್ಥಾವರದಲ್ಲಿ ಅಳವಡಿಸಲಾಗಿದೆ. ಅದಕ್ಕೆ ಬಂಡವಾಳ ಹೆಚ್ಚು, ಬೇಸಿಗೆಯಲ್ಲಿ ಉತ್ಪಾದನೆ ಸ್ವಲ್ಪ ಕುಗ್ಗುತ್ತದೆ. ಗಾಳಿಯಂತ್ರಕ್ಕೂ ಸೌರಫಲಕಕ್ಕೂ ತಣಿಸುವ ನೀರೇ ಬೇಡ. ವಿದ್ಯುತ್ತಿನ ಮೂಲಗಳನ್ನು ಹೋಲಿಸುವಾಗ ಕಲ್ಲಿದ್ದಲಿನ ಖಾತೆಗೆ ಉಪ್ಪಿನ ಖರ್ಚನ್ನೂ ಸೇರಿಸಿ ಹೋಲಿಸುವುದು ನ್ಯಾಯ.

ನಾವು ಮಾಡಬೇಕಾದದ್ದು

2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ದೊರೆಯಬೇಕು. ಆ 30 ದಿನಗಳಲ್ಲಿ ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳು ಇವು. ವರ್ಷಕ್ಕೆ ಎಷ್ಟು ಟನ್ ಉಪ್ಪು, ಅದು ಕೊನೆಗೆ ಕೂರುವ ಜಾಗ ಯಾವುದು? ಖರ್ಚನ್ನು ಘನಮೀಟರಿನ ಮೇಲೆ ತೋರಿಸಿದ್ದರೆ ವಿದ್ಯುತ್ತಿನ ಯೂನಿಟಿನ ಮೇಲೆ ಎಷ್ಟು? ಲೆಕ್ಕ ಹಾಕಿದ್ದು ಬೇಸಿಗೆಯ ಹೊಳೆಗೋ ವರ್ಷದ ಸರಾಸರಿಗೋ? ಕೊಳವೆ ಸೋರಿದರೆ ಮೊದಲು ತಿಳಿಯುವುದು ಯಾರಿಗೆ, ಎಷ್ಟು ಗಂಟೆಗಳಲ್ಲಿ? ಸ್ಥಾವರ ಮುಚ್ಚಿದ ಮೇಲೆ ಕಾಯುವ ಹಣವನ್ನು ಇಂದೇ ಎಲ್ಲಿ ತೆಗೆದಿರಿಸಿದ್ದಾರೆ? ಉತ್ತರಗಳು ನಡಾವಳಿಯಲ್ಲಿ ದಾಖಲಾಗುವಂತೆ ಪಟ್ಟುಹಿಡಿಯಬೇಕು.

ಇದಕ್ಕಿಂತಲೂ ಮುಖ್ಯವಾದ ಕೆಲಸವೊಂದಿದೆ, ಅದಕ್ಕೆ ಯಾವ ಸ್ಥಾವರದ ಪ್ರಸ್ತಾಪವೂ ಬರುವವರೆಗೆ ಕಾಯಬೇಕಾಗಿಲ್ಲ. ಬಾವಿ ಕೆಟ್ಟಿದೆ ಎಂದು ದೂರಿದ ರೈತನಿಗೆ ಎದುರಾಗುವ ಮೊದಲ ಪ್ರಶ್ನೆ, ಮೊದಲು ಅದು ಚೆನ್ನಾಗಿತ್ತು ಎಂಬುದಕ್ಕೆ ದಾಖಲೆ ಏನು ಎಂಬುದು. ಪರಿಣಾಮ ಅಧ್ಯಯನಗಳು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಅಳತೆಯನ್ನು ಆಧರಿಸಿರುತ್ತವೆ. ಊರಿನ ಬಳಿ ಅದಕ್ಕಿಂತ ಒಳ್ಳೆಯ ದಾಖಲೆ ಇರಬೇಕು. ನೀರಿನ ವಾಹಕತೆಯನ್ನು ಅಳೆಯುವ ಕೈಯಲ್ಲಿ ಹಿಡಿಯುವ ಸಾಧನಕ್ಕೆ ದೊಡ್ಡ ಬೆಲೆಯೇನಿಲ್ಲ, ಒಂದು ಪ್ರೌಢಶಾಲೆ ಅಥವಾ ಸಹಕಾರಿ ಸಂಘ ಕೊಳ್ಳಬಹುದಾದದ್ದು. ಪ್ರತಿ ಊರಿನಲ್ಲಿ ಹತ್ತು ಬಾವಿ, ಎರಡು ಒರತೆ, ಒಂದು ಹಳ್ಳವನ್ನು ಆರಿಸಿಕೊಂಡು ತಿಂಗಳಿಗೊಮ್ಮೆ ಅಳೆದು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಅಳೆಯುವ ಮೊದಲು ಸಾಧನವನ್ನು ಗೊತ್ತಿರುವ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಬೇಕು, ಒಂದೇ ಹೊತ್ತಿನಲ್ಲಿ ಅಳೆಯಬೇಕು, ವರ್ಷಕ್ಕೆರಡು ಸಲ ಕೆಲವು ಮಾದರಿಗಳನ್ನು ಸರ್ಕಾರಿ ಪ್ರಯೋಗಾಲಯಕ್ಕೂ ಕಳುಹಿಸಿ ತಾಳೆ ನೋಡಬೇಕು. ನಮ್ಮ ಮಲೆನಾಡಿನ ಬಾವಿ ಒರತೆಗಳಲ್ಲಿ ಬಹುತೇಕ 0.3 ಡೆಸಿಸೀಮನ್ಸ್‌ಗಿಂತ ಕಡಿಮೆಯೇ ಬರುತ್ತದೆ. ಎಲ್ಲಿಯಾದರೂ ಅದು ಸತತ ಎರಡು ತಿಂಗಳು ದುಪ್ಪಟ್ಟಾದರೆ ಆ ಪುಸ್ತಕದ ಪ್ರತಿಯೊಡನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬೇಕು. ಮಂಡಳಿಯ ಬಳಿಯಿರುವ ಅಳತೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಪಡೆದು ಪಕ್ಕದಲ್ಲಿಟ್ಟು ಹೋಲಿಸಬೇಕು.

ಸ್ಥಾವರದವರ ಕೋಷ್ಟಕದಲ್ಲಿ ಬಾವಿಗೆ ಒಂದು ಸಾಲು ಇಲ್ಲದಿರುವುದಕ್ಕೆ ಮುಖ್ಯ ಕಾರಣ, ಆ ಸಾಲಿನಲ್ಲಿ ಬರೆಯಲು ಯಾರ ಬಳಿಯೂ ಅಂಕೆಯಿಲ್ಲದಿರುವುದು. ಆ ಅಂಕೆಯನ್ನು ಒದಗಿಸುವ ಸಾಮರ್ಥ್ಯ ನಮ್ಮ ಶಾಲೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಇದೆ. ಈ ವರ್ಷದ ಮಳೆಗಾಲಕ್ಕೆ ಮುನ್ನವೇ ಅಳತೆಯ ಪುಸ್ತಕವನ್ನು ಆರಂಭಿಸುವ ಊರುಗಳು ನಮಗೆ ಬರೆದು ತಿಳಿಸಬೇಕೆಂದು ವಿನಂತಿ. ಮೊದಲ ವರ್ಷದ ಅಂಕೆಗಳನ್ನು ಇದೇ ಪತ್ರಿಕೆಯಲ್ಲಿ ಊರಿನ ಹೆಸರಿನೊಡನೆ ಪ್ರಕಟಿಸುತ್ತೇವೆ.